ಸಂಸ್ಕಾರದ ಚಂದ್ರಿ: ಸ್ನೇಹಲತಾ ರೆಡ್ಡಿ

ಬೆಳ್ಳೂರು ಕ್ರಾಸ್‌ನಲ್ಲಿ ಬಸ್ ಹತ್ತಿ ಮೆಜೆಸ್ಟಿಕ್‌ನಲ್ಲಿ ಇಳಿದರೆ ಶೇಷಾದ್ರಿ ರಸ್ತೆಯ ಫ್ರೀಡಂ ಪಾರ್ಕ್‌ಗೆ ನಡೆದೇ ಹೋಗಬಹುದು. ನಮಗೆಲ್ಲ ಅದು ಧರಣಿ, ಪ್ರತಿಭಟನೆ ನಡೆಯೋ ಜಾಗ ಅಂತ ಟಿವಿ ನೋಡಿ ಗೊತ್ತು. ಮೊದಲು ಅದು ಬೆಂಗಳೂರಿನ ಸೆಂಟ್ರಲ್ ಜೈಲಾಗಿತ್ತು. 1976ರಲ್ಲಿ ಅಲ್ಲಿ ಎಂಟು ತಿಂಗಳು ಬಂಧನದಲ್ಲಿದ್ದ ಒಬ್ಬ ನಟಿಯ ಬಗ್ಗೆ ಈ ಸಲ ಬರೆಯುತ್ತಿದ್ದೇವೆ.

ಸ್ನೇಹಲತಾ ರೆಡ್ಡಿ ಹುಟ್ಟಿದ್ದು 1932ರಲ್ಲಿ, ಆಂಧ್ರ ಮೂಲದ ಕ್ರೈಸ್ತ ಕುಟುಂಬದಲ್ಲಿ. ಬ್ರಿಟಿಷರ ಆಳ್ವಿಕೆ ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಚಿಕ್ಕ ವಯಸ್ಸಿನಲ್ಲೇ ಭಾರತೀಯ ಹೆಸರು, ಭಾರತೀಯ ಉಡುಪು ತಮ್ಮದಾಗಿಸಿಕೊಂಡರು. ನೃತ್ಯ ಕಲಿತರು. ತೆಲುಗು ಕವಿ ಪಟ್ಟಾಭಿರಾಮ ರೆಡ್ಡಿಯವರನ್ನು ಮದುವೆಯಾದರು. ಮದರಾಸಿನಲ್ಲಿ ಮದ್ರಾಸ್ ಪ್ಲೇಯರ್ಸ್ ಎಂಬ ನಾಟಕ ತಂಡ ಕಟ್ಟಿದವರಲ್ಲಿ ಇವರೂ ಒಬ್ಬರು. ಗಂಡ ಹೆಂಡತಿ ಇಬ್ಬರಿಗೂ ರಾಮಮನೋಹರ ಲೋಹಿಯಾ ಅವರ ಸಮಾಜವಾದದಲ್ಲಿ ನಂಬಿಕೆ.

ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ' ಕಾದಂಬರಿ 1965ರಲ್ಲಿ ಬಂತು. ಪಟ್ಟಾಭಿರಾಮ ರೆಡ್ಡಿ ಅದನ್ನು ಸಿನಿಮಾ ಮಾಡಿದರು. ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯರಾಗಿ ನಟಿಸಿದ್ದು ಗಿರೀಶ್ ಕಾರ್ನಾಡ್, ನಾರಣಪ್ಪನಾಗಿದ್ದು ಪಿ. ಲಂಕೇಶ್, ಸಂಗೀತ ರಾಜೀವ ತಾರಾನಾಥರದು, ಕ್ಯಾಮೆರಾ ಆಸ್ಟ್ರೇಲಿಯಾದ ಟಾಮ್ ಕೋವನ್ ಅವರದು. ಶೃಂಗೇರಿ ಹತ್ತಿರದ ವೈಕುಂಠಪುರದಲ್ಲಿ ಶೂಟಿಂಗ್. ನಾರಣಪ್ಪನ ಜೊತೆಗಿದ್ದ ಚಂದ್ರಿ ಪಾತ್ರ ಸ್ನೇಹಲತಾ ಅವರದು. ಅಗ್ರಹಾರದವರೆಲ್ಲ ಹೆಣ ಯಾರು ಸುಡಬೇಕು ಅಂತ ಶಾಸ್ತ್ರ ಹುಡುಕುತ್ತಿರುವಾಗ, ಸತ್ತವನಿಗಾಗಿ ತನ್ನ ಚಿನ್ನವನ್ನೇ ತೆಗೆದಿಡುವವಳು ಚಂದ್ರಿ.

ಸಿನಿಮಾ ಸೆನ್ಸಾರ್‌ಗೆ ಹೋಯಿತು. 1952ರ ಸಿನಿಮಾಟೋಗ್ರಾಫ್ ಕಾಯ್ದೆ ಪ್ರಕಾರ ಆಗ ಇದ್ದದ್ದು ಎರಡೇ ಸರ್ಟಿಫಿಕೇಟು: ಎಲ್ಲರಿಗೂ ಆದರೆ 'ಯು', ವಯಸ್ಕರಿಗೆ ಮಾತ್ರ ಆದರೆ 'ಎ'. ಮದರಾಸಿನ ಸೆನ್ಸಾರ್‌ನವರು ಎರಡನ್ನೂ ಕೊಡಲಿಲ್ಲ. ಜಾತಿ ವಿಷಯ ಇದೆ, ಜನ ಕೆರಳಬಹುದು ಅಂತ ತಡೆದೇಬಿಟ್ಟರು. ಆಮೇಲೆ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಆ ತಡೆ ತೆಗೆಯಿತು. ಚಿತ್ರ 1970ರ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಆ ಗೌರವ ಸಿಕ್ಕ ಮೊದಲ ಕನ್ನಡ ಸಿನಿಮಾ ಅದೇ. ಅದೇ 1970ರಲ್ಲಿ ಕೆ.ಎ. ಅಬ್ಬಾಸ್ ಪ್ರಕರಣದಲ್ಲಿ, ಬಿಡುಗಡೆಗೆ ಮುಂಚೆ ಸಿನಿಮಾ ಸೆನ್ಸಾರ್ ಮಾಡುವುದು ಸಂವಿಧಾನಕ್ಕೆ ವಿರುದ್ಧವಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು.

ಐದು ವರ್ಷದಲ್ಲಿ ಕಾಲ ಬದಲಾಯಿತು. 1975ರ ಜೂನ್ 25ರಂದು ತುರ್ತುಪರಿಸ್ಥಿತಿ ಬಂತು. ಪತ್ರಿಕೆಗಳಿಗೆ ಸೆನ್ಸಾರ್ ಬಂತು. 'ಕಿಸ್ಸಾ ಕುರ್ಸಿ ಕಾ' ಎಂಬ ಹಿಂದಿ ಚಿತ್ರದ ಪ್ರಿಂಟುಗಳನ್ನೇ ನಾಶ ಮಾಡಲಾಯಿತು. ಜಾರ್ಜ್ ಫರ್ನಾಂಡಿಸ್ ಭೂಗತರಾಗಿದ್ದರು, ಅವರು ರೆಡ್ಡಿ ದಂಪತಿಗೆ ಗೆಳೆಯರು. ಬರೋಡಾ ಡೈನಮೈಟ್ ಪ್ರಕರಣದ ಹೆಸರಲ್ಲಿ 1976ರ ಮೇ 2ರಂದು ಸ್ನೇಹಲತಾ ಅವರನ್ನು ಹಿಡಿದರು. ಕೊನೆಯ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಆದರೂ ಮೀಸಾ ಕಾಯ್ದೆಯಡಿ ಒಳಗೇ ಇಟ್ಟುಕೊಂಡರು. ಆ ಕಾಯ್ದೆಗೆ ವಿಚಾರಣೆ ಬೇಕಾಗಿರಲಿಲ್ಲ.

ಅವರಿಗೆ ಮೊದಲಿಂದಲೂ ಆಸ್ತಮಾ. ಜೈಲಿನ ಕೋಣೆಯಲ್ಲಿ ಅದು ಜಾಸ್ತಿಯಾಯಿತು. ರಾತ್ರಿಯ ನಿಶ್ಶಬ್ದದಲ್ಲಿ ಅವರ ಚೀರಾಟ ಕೇಳಿಸುತ್ತಿತ್ತು ಅಂತ ಅದೇ ಜೈಲಿನಲ್ಲಿದ್ದ ಮಧು ದಂಡವತೆ ಆಮೇಲೆ ನೆನಪಿಸಿಕೊಂಡಿದ್ದಾರೆ. ಅಂಥ ಸ್ಥಿತಿಯಲ್ಲೂ ಅವರು ದಿನಚರಿ ಬರೆದರು, ಜೊತೆಯ ಮಹಿಳಾ ಕೈದಿಗಳ ಊಟಕ್ಕೆ, ಅವರಿಗೆ ಬೀಳುತ್ತಿದ್ದ ಹೊಡೆತ ನಿಲ್ಲಿಸಲು ಜಗಳ ಆಡಿದರು.

ಆರೋಗ್ಯ ಪೂರ್ತಿ ಕೆಟ್ಟ ಮೇಲೆ 1977ರ ಜನವರಿ 15ರಂದು ಪೆರೋಲ್ ಸಿಕ್ಕಿತು. ಜನವರಿ 18ರಂದು ಇಂದಿರಾ ಗಾಂಧಿ ಚುನಾವಣೆ ಘೋಷಿಸಿದರು. ಜನವರಿ 20ರಂದು ಸ್ನೇಹಲತಾ ತೀರಿಕೊಂಡರು. ಜೈಲಿನ ದಿನಚರಿ ಅದೇ ವರ್ಷ ಪುಸ್ತಕವಾಯಿತು.

ನಮ್ಮ ತಲೆಗೆ ಹುಳ ಬಿಟ್ಟ ವಿಷಯ ಇದು. 'ಸಂಸ್ಕಾರ'ದ ತಡೆ ತೆಗೆದಿದ್ದೂ ಇಂದಿರಾ ಸರ್ಕಾರ, ಚಂದ್ರಿಯನ್ನು ಒಳಗೆ ಹಾಕಿದ್ದೂ ಅದೇ ಸರ್ಕಾರ. ಮೇಲೆ ಕೂತವರ ಮನಸ್ಸು ಚೆನ್ನಾಗಿದ್ದರೆ ಸಿನಿಮಾ ಉಳಿಯುತ್ತೆ, ಇಲ್ಲದಿದ್ದರೆ ಇಲ್ಲ ಅನ್ನೋದು ಭದ್ರವಾದ ವ್ಯವಸ್ಥೆ ಅಲ್ಲ, ಅಲ್ವಾ? ಮುಂದೆ ಕನ್ನಡದ ನಿರ್ದೇಶಕ ಕೆ.ಎಂ. ಶಂಕರಪ್ಪ ಇದನ್ನೇ ಕೋರ್ಟಿನಲ್ಲಿ ಪ್ರಶ್ನಿಸಿದರು. ಮಂಡಳಿ ಕೊಟ್ಟ ತೀರ್ಪನ್ನು ಸರ್ಕಾರ ತಿರುವಿ ಹಾಕುವ ಅಧಿಕಾರ ಸರಿಯಲ್ಲ ಅಂತ ಕರ್ನಾಟಕ ಹೈಕೋರ್ಟ್ ಹೇಳಿತು, 2000ದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ಈಗ ನಾವು ಸಿನಿಮಾ ಶುರುವಾಗುವಾಗ 'ಯುಎ 13+' ಅಂತ ಕಂಡರೆ ಓದದೇ ಪಾಪ್‌ಕಾರ್ನ್ ತಿನ್ನುತ್ತೇವೆ. ಒಮ್ಮೆ 'ಸಂಸ್ಕಾರ' ನೋಡಿ. ಬೆಂಗಳೂರಿಗೆ ಹೋದಾಗ ಫ್ರೀಡಂ ಪಾರ್ಕ್ ಒಳಗೂ ಹೋಗಿ ಬನ್ನಿ. ಹಳೇ ಜೈಲಿನ ಗೋಡೆಗಳು ಇನ್ನೂ ಕೆಲವು ಅಲ್ಲೇ ನಿಂತಿವೆ.