ಲಕೋಟ ಜನನಾಯಕ ಸಿಟಿಂಗ್ ಬುಲ್

ಉತ್ತರ ಅಮೆರಿಕದ ವಿಶಾಲವಾದ ಹುಲ್ಲುಗಾವಲುಗಳಲ್ಲಿ ಕಾಡುಕೋಣಗಳ ಹಿಂಡನ್ನು ಅನುಸರಿಸಿ ಬಾಳುತ್ತಿದ್ದ ಲಕೋಟ ಜನಾಂಗದಲ್ಲಿ, ಸುಮಾರು 1831ರಲ್ಲಿ, ಸಿಟಿಂಗ್ ಬುಲ್ ಜನಿಸಿದನು. ಯಾವ ಕೆಲಸವನ್ನೂ ಅವಸರಪಡದೆ ಮಾಡುತ್ತಿದ್ದ ಈ ಬಾಲಕನಿಗೆ ‘ನಿಧಾನಿ’ ಎಂಬುದೇ ಅಡ್ಡಹೆಸರಾಗಿತ್ತು! ಹದಿನಾಲ್ಕನೆಯ ವಯಸ್ಸಿನಲ್ಲಿ ಅವನು ಕಾಳಗದಲ್ಲಿ ತೋರಿದ ಧೈರ್ಯಕ್ಕೆ ಮೆಚ್ಚಿ, ತಂದೆಯು ತನ್ನ ಹೆಸರನ್ನೇ ಅವನಿಗೆ ಕೊಟ್ಟನು.

1868ರ ಒಪ್ಪಂದದಂತೆ ಅಮೆರಿಕ ಸರಕಾರವು ಮಿಸೌರಿ ನದಿಯ ಪಶ್ಚಿಮಕ್ಕೆ ದೊಡ್ಡದೊಂದು ಪ್ರದೇಶವನ್ನು ಲಕೋಟರಿಗೆ ಮೀಸಲಾಗಿಟ್ಟಿತು. ಸಿಟಿಂಗ್ ಬುಲ್ ಅದಕ್ಕೆ ಸಹಿ ಹಾಕಲಿಲ್ಲ. ಅವನ ಸಂಶಯವು ಸುಳ್ಳಾಗಲಿಲ್ಲವೆಂದೇ ನಾವು ಹೇಳಬೇಕು. 1874ರಲ್ಲಿ ಲಕೋಟರ ಪವಿತ್ರವಾದ ಕಪ್ಪುಬೆಟ್ಟಗಳಲ್ಲಿ ಚಿನ್ನವು ಕಂಡುಬಂದಿತು. ಒಪ್ಪಂದವು ಕಾಗದದಲ್ಲಿಯೇ ಉಳಿಯಿತು. 1876ರ ಜೂನ್ 25ರಂದು ಲಿಟಲ್ ಬಿಗ್ ಹಾರ್ನ್ ನದಿಯ ದಂಡೆಯಲ್ಲಿ ಲಕೋಟರೂ ಅವರ ಮಿತ್ರರೂ ಕಸ್ಟರನ ದಳವನ್ನು ನಿರ್ನಾಮ ಮಾಡಿದರು. ಆದರೆ ಮರುವರ್ಷವೇ ಸರಕಾರವು ಬೆಟ್ಟಗಳನ್ನು ಕಸಿದುಕೊಂಡಿತು.

ಸಿಟಿಂಗ್ ಬುಲ್ ತನ್ನವರೊಡನೆ ಗಡಿ ದಾಟಿ ಕೆನಡಾವನ್ನು ಸೇರಿದನು. ಅಲ್ಲಿ ಸೈನ್ಯದ ಭಯವಿರಲಿಲ್ಲ, ಹಸಿವಿತ್ತು. ಕಾಡುಕೋಣಗಳು ಅಳಿಯುತ್ತ ಬಂದಿದ್ದವು. ಮಕ್ಕಳು ಹಸಿದು ಅಳುವಾಗ ನಾಯಕನ ಹಟಕ್ಕೆ ಏನು ಬೆಲೆ? 1881ರ ಜುಲೈಯಲ್ಲಿ ಅವನು ಹಿಂದಿರುಗಿ ಶರಣಾದನು. ಸುಮಾರು ಎರಡು ವರ್ಷ ಸೆರೆಯಲ್ಲಿದ್ದು, 1883ರಲ್ಲಿ ಸ್ಟ್ಯಾಂಡಿಂಗ್ ರಾಕ್ ಮೀಸಲು ಪ್ರದೇಶಕ್ಕೆ ಬಂದು ಬೇಸಾಯಗಾರನಾದನು. 1889ರಲ್ಲಿ ಸರಕಾರವು ದೊಡ್ಡ ಮೀಸಲು ಪ್ರದೇಶವನ್ನು ತುಂಡುಮಾಡಿದಾಗಲೂ ಅವನು ವಿರೋಧಿಸಿದನು. 1890ರ ಡಿಸೆಂಬರ್ 15ರ ಬೆಳಗಿನ ಜಾವ ಅವನನ್ನು ಬಂಧಿಸಲು ಬಂದ ಪೋಲೀಸರು ಅವನ ಮನೆಯ ಮುಂದೆಯೇ ಅವನನ್ನು ಗುಂಡಿಕ್ಕಿ ಕೊಂದರು. ಆ ಪೋಲೀಸರೂ ಅವನ ಜನಾಂಗದವರೇ ಆಗಿದ್ದರೆಂಬುದು ನಮಗೆ ಅತ್ಯಂತ ದುಃಖಕರವಾಗಿ ತೋರುತ್ತದೆ.

ಆ ತುಂಡುಗಳೇ ಇಂದಿಗೂ ಲಕೋಟರ ನೆಲೆಗಳು: ಸ್ಟ್ಯಾಂಡಿಂಗ್ ರಾಕ್, ಪೈನ್ ರಿಜ್, ರೋಸ್‌ಬಡ್, ಶಯೆನ್ ರಿವರ್, ಲೋವರ್ ಬ್ರೂಲ್. ಅವನೊಡನೆ ಹೋಗಿ ಹಿಂದಿರುಗದೆ ಉಳಿದ ಕೆಲವರ ಸಂತತಿಯವರಿಗೆ ಕೆನಡಾದ ವುಡ್ ಮೌಂಟನ್‌ನಲ್ಲಿ ಪುಟ್ಟ ಮೀಸಲು ನೆಲವಿದೆ. 1950ರ ದಶಕದಲ್ಲಿ ಸರಕಾರವೇ ಮೂಲನಿವಾಸಿಗಳನ್ನು ನಗರಗಳಿಗೆ ಹೋಗುವಂತೆ ಪ್ರೋತ್ಸಾಹಿಸಿತು. ಇಂದು ರ‍್ಯಾಪಿಡ್ ಸಿಟಿ, ಡೆನ್ವರ್, ಮಿನಿಯಾಪೊಲಿಸ್ ಮೊದಲಾದ ಪಟ್ಟಣಗಳಲ್ಲಿಯೂ ಬಹುಮಂದಿ ಲಕೋಟರಿದ್ದಾರೆ. ಬೆಟ್ಟಗಳಿಗಾಗಿ 1980ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದ ಹತ್ತು ಕೋಟಿಗೂ ಮೀರಿದ ಡಾಲರ್ ಪರಿಹಾರವನ್ನು ಅವರು ಈವರೆಗೂ ಮುಟ್ಟಿಲ್ಲ. ಅವರಿಗೆ ಬೇಕಾದುದು ಬೆಟ್ಟ. ಸಿಟಿಂಗ್ ಬುಲ್‌ನನ್ನು ಮೊದಲು ಮಣ್ಣುಮಾಡಿದ ಫೋರ್ಟ್ ಯೇಟ್ಸ್ ಊರಿನಲ್ಲಿ ಈಗ ಅವನ ಹೆಸರಿನದೇ ಒಂದು ಕಾಲೇಜಿದೆ. ಅಲ್ಲಿ ಲಕೋಟ ಭಾಷೆಯನ್ನು ಕಲಿಸುತ್ತಾರೆ.