ಸಹಿ ಹಾಕದ ಮನುಷ್ಯ: ಪ್ರೀದಿ ಬನೊಮ್ಯೋಂಗ್

ಎರಡನೇ ಮಹಾಯುದ್ಧದಲ್ಲಿ ಥಾಯ್ಲೆಂಡ್ ಜಪಾನ್ ಕಡೆ ಇತ್ತು ಅನ್ನೋದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಅಮೆರಿಕ, ಬ್ರಿಟನ್ ಮೇಲೆ ಯುದ್ಧಾನೂ ಸಾರಿತ್ತು. ಆದರೂ ಸೋತ ಜಪಾನಿಗೆ ಆದ ಗತಿ ಅದಕ್ಕೆ ಆಗಲಿಲ್ಲ. ಇದಕ್ಕೆ ಒಂದು ದೊಡ್ಡ ಕಾರಣ ಪ್ರೀದಿ ಬನೊಮ್ಯೋಂಗ್.

1900ರಲ್ಲಿ ಅಯುತ್ತಾಯದಲ್ಲಿ ಹುಟ್ಟಿದ ಪ್ರೀದಿ, ಕಾನೂನು ಓದಲು ಪ್ಯಾರಿಸ್‌ಗೆ ಹೋದರು. ಅಲ್ಲಿ ಫಿಬುನ್ ಎಂಬ ಯುವ ಸೇನಾಧಿಕಾರಿ ಜೊತೆಯಾದರು. 1927ರಲ್ಲಿ ಇವರೂ ಇನ್ನು ಕೆಲವರೂ ಸೇರಿ ಗುಟ್ಟಾಗಿ ಒಂದು ಪಕ್ಷ ಕಟ್ಟಿದರು. 1932ರ ಜೂನ್ 24ರಂದು ಆ ಪಕ್ಷ ರಾಜನ ನಿರಂಕುಶ ಆಳ್ವಿಕೆಯನ್ನೇ ಕೊನೆಗೊಳಿಸಿತು. ಎರಡು ವರ್ಷದ ನಂತರ ಪ್ರೀದಿ ಥಮ್ಮಸಾತ್ ವಿಶ್ವವಿದ್ಯಾಲಯ ಸ್ಥಾಪಿಸಿದರು. ಫಿಬುನ್ 1938ರಲ್ಲಿ ಪ್ರಧಾನಿಯಾದರು.

1941ರ ಡಿಸೆಂಬರ್ 8ರಂದು ಜಪಾನ್ ಸೈನ್ಯ ಬಂದಿಳಿಯಿತು. ಕೆಲವೇ ಗಂಟೆ ಹೋರಾಡಿ ಫಿಬುನ್ ಕದನ ನಿಲ್ಲಿಸಿದರು, ಅದೇ ತಿಂಗಳು ಜಪಾನ್ ಜೊತೆ ಮೈತ್ರಿ ಮಾಡಿಕೊಂಡರು. 1942ರ ಜನವರಿ 25ಕ್ಕೆ ಯುದ್ಧ ಘೋಷಣೆಯೂ ಆಯ್ತು. ಬಾಲರಾಜ ಆನಂದ ಸ್ವಿಟ್ಜರ್ಲೆಂಡಲ್ಲಿದ್ದ ಕಾರಣ ಮೂವರು ರಾಜಪ್ರತಿನಿಧಿಗಳು ಸಹಿ ಹಾಕಬೇಕಿತ್ತು. ಅವರಲ್ಲಿ ಒಬ್ಬರಾದ ಪ್ರೀದಿ ಸಹಿ ಹಾಕಲಿಲ್ಲ.

ಇತ್ತ ವಾಷಿಂಗ್ಟನ್‌ನಲ್ಲಿದ್ದ ರಾಯಭಾರಿ ಸೇನಿ ಪ್ರಾಮೋಜ್ ಯುದ್ಧ ಘೋಷಣೆಯನ್ನು ಅಮೆರಿಕಕ್ಕೆ ತಲುಪಿಸಲೇ ಇಲ್ಲ. ಅಲ್ಲೂ ಬ್ರಿಟನ್ನಲ್ಲೂ ಓದುತ್ತಿದ್ದ ಥಾಯ್ ವಿದ್ಯಾರ್ಥಿಗಳು ಪುಸ್ತಕ ಬದಿಗಿಟ್ಟು 'ಸ್ವತಂತ್ರ ಥಾಯ್' ಚಳವಳಿ ಸೇರಿದರು. ದೇಶದೊಳಗೆ ಅದರ ನಾಯಕ ಪ್ರೀದಿ. ಗುಪ್ತನಾಮ 'ರೂತ್'. ಹಗಲು ರಾಜಪ್ರತಿನಿಧಿ, ಒಳಗೊಳಗೆ ಶತ್ರುದೇಶಗಳ ಸಂಪರ್ಕ! ಥಮ್ಮಸಾತ್ ಕ್ಯಾಂಪಸ್ಸಲ್ಲಿ ಆಗ ಬ್ರಿಟನ್, ಅಮೆರಿಕದ ನಾಗರಿಕರನ್ನು ಬಂಧಿಸಿಟ್ಟಿದ್ದರು. ಚಳವಳಿಯ ಕೆಲಸವೂ ಅದೇ ಕ್ಯಾಂಪಸ್ಸಿಂದ ನಡೀತಿತ್ತು. ಸಿಕ್ಕಿಬಿದ್ದಿದ್ದರೆ ತಲೆ ಉಳೀತಿರಲಿಲ್ಲ.

ಜಪಾನ್ ಶರಣಾದ ಮರುದಿನ, 1945ರ ಆಗಸ್ಟ್ 16ರಂದು, ಆ ಯುದ್ಧ ಘೋಷಣೆಯೇ ಅಸಿಂಧು ಎಂದು ಪ್ರೀದಿ ಪ್ರಕಟಿಸಿದರು. ಅಮೆರಿಕ ಒಪ್ಪಿತು. ಬ್ರಿಟನ್ ಅಷ್ಟು ಸುಲಭಕ್ಕೆ ಬಿಡಲಿಲ್ಲ, 15 ಲಕ್ಷ ಟನ್ ಅಕ್ಕಿ ಪುಕ್ಕಟೆ ಕೇಳಿತು. ಆದರೂ ದೇಶ ಉಳೀತು.

ಉಳಿಸಿದವರಿಗೆ ಮಾತ್ರ ದೇಶ ಉಳೀಲಿಲ್ಲ. 1946ರಲ್ಲಿ ಪ್ರೀದಿ ಪ್ರಧಾನಿಯಾಗಿದ್ದಾಗ ಆನಂದ ರಾಜ ಅರಮನೆಯಲ್ಲೇ ಗುಂಡೇಟಿನಿಂದ ಸತ್ತ. ವಿರೋಧಿಗಳು ಸಾಕ್ಷಿ ಇಲ್ಲದೆ ಪ್ರೀದಿಯತ್ತ ಬೆರಳು ತೋರಿಸಿದರು. 1947ರಲ್ಲಿ ಸೇನಾದಂಗೆ ಆಗಿ ಅವರು ತಪ್ಪಿಸಿಕೊಂಡು ಹೋಗಬೇಕಾಯ್ತು. ಮರುವರ್ಷ ಫಿಬುನ್ ಮತ್ತೆ ಪ್ರಧಾನಿ! ತಾವೇ ಯುದ್ಧ ಸಾರಿದ್ದ ಅಮೆರಿಕಕ್ಕೆ ಈಗ ಆಪ್ತಮಿತ್ರ. ಅವರನ್ನೂ 1957ರಲ್ಲಿ ಸೇನೆಯೇ ಓಡಿಸಿತು, 1964ರಲ್ಲಿ ಜಪಾನಲ್ಲಿ ತೀರಿಕೊಂಡರು.

ಬಲಿಷ್ಠರ ನಡುವೆ ಸಿಕ್ಕಿದ ಸಣ್ಣ ದೇಶ ಒಂದು ಕಡೆ ತಲೆಬಾಗಲೇಬೇಕಾಗುತ್ತೆ, ಒಪ್ಪೋಣ. ಆದರೆ ವಾಪಸ್ ಬರೋ ಬಾಗಿಲನ್ನು ಯಾರೋ ಒಬ್ಬರು ತೆರೆದಿಟ್ಟಿರಬೇಕು ಅನ್ನೋದನ್ನ ನಾವು ಪ್ರೀದಿಯಿಂದ ಕಲೀಬಹುದು. ಅವರು ಚೀನಾದಲ್ಲಿ, ಆಮೇಲೆ ಪ್ಯಾರಿಸ್‌ನಲ್ಲಿ ಬದುಕಿ 1983ರ ಮೇ 2ರಂದು ಕಣ್ಣುಮುಚ್ಚಿದರು. 1986ರಲ್ಲಿ ತಾಯ್ನಾಡಿಗೆ ಮರಳಿದ್ದು ಅವರ ಚಿತಾಭಸ್ಮ ಮಾತ್ರ.