ಮೂರು ಫ್ರೇಮಿಗೊಂದು ಚಿತ್ರ

ಐದು ಸೆಕೆಂಡಿನ ಒಂದು ದೃಶ್ಯ. ಹುಡುಗನೊಬ್ಬ ಬೀದಿಯಲ್ಲಿ ಎಡದಿಂದ ಬಲಕ್ಕೆ ಓಡಬೇಕು. ಬೆಂಗಳೂರಿನ ಒಂದು ಅನಿಮೇಷನ್ ಸ್ಟುಡಿಯೊದವರು ಕೆಲಸಕ್ಕೆ ಸೇರಿಸಿಕೊಳ್ಳುವ ಮುನ್ನ ಇಟ್ಟ ಪರೀಕ್ಷೆ ಇಷ್ಟೆ. ಸಮಯ ನಾಲ್ಕು ಗಂಟೆ. ನಾನು ಎಂಟು ಚಿತ್ರ ಬರೆದೆ, ಬಣ್ಣ ತುಂಬಿದೆ, ಆ ಎಂಟನ್ನೇ ಮತ್ತೆ ಮತ್ತೆ ಜೋಡಿಸಿ ಐದು ಸೆಕೆಂಡು ಮಾಡಿದೆ. ಹಿಂದಿನ ಬೀದಿಯ ಚಿತ್ರವನ್ನು ಬಲದಿಂದ ಎಡಕ್ಕೆ ಜಾರಿಸಿದೆ. ಹುಡುಗ ಓಡಿದ ಹಾಗೆಯೇ ಕಂಡಿತು. ನೋಡಿದ ಹಿರಿಯರು ಮುಖ ಗಂಟಿಕ್ಕಿಕೊಂಡು, ಇದು ಬರೆದದ್ದಲ್ಲ, ಕಾಪಿ ಪೇಸ್ಟ್ ಎಂದರು. ಕಂಪ್ಯೂಟರ್ ಬಂದ ಮೇಲೆ ನಿಮ್ಮಂಥವರ ಕೈ ಸೋಮಾರಿಯಾಗಿದೆ, ಜಪಾನಿನವರು ಸೆಲ್ ಮೇಲೆ ಕೈಯಿಂದ ಬಣ್ಣ ಹಚ್ಚಿ ಮಾಡಿದ ಹಳೆಯ ಚಿತ್ರಗಳನ್ನು ನೋಡಿ ಕಲಿಯಿರಿ ಎಂದೂ ಸೇರಿಸಿದರು. ಕೆಲಸ ಸಿಗಲಿಲ್ಲ.

ಸಿಟ್ಟು ಇಳಿಯಲು ಎರಡು ದಿನ ಹಿಡಿಯಿತು. ಆಮೇಲೆ ಪಿಜಿಯ ಕೋಣೆಯಲ್ಲಿ ಕೂತು ಅವರು ಹೇಳಿದ್ದನ್ನೇ ಮಾಡಿದೆ. ಹಳೆಯ ಜಪಾನನ್ನು ಹುಡುಕಿಕೊಂಡು ಹೋದೆ. ಅಲ್ಲಿ ಎಲ್ಲ ದಾರಿಗಳೂ ಒಬ್ಬರ ಮನೆಗೇ ಹೋಗಿ ಸೇರುತ್ತಿದ್ದವು: ಒಸಾಮು ತೆಜುಕ. ನಾವು ಮೊಬೈಲ್‌ನಲ್ಲಿ ನೋಡುವ ಅನಿಮೆಯ ದೊಡ್ಡ ದೊಡ್ಡ ಕಣ್ಣುಗಳಿಂದ ಹಿಡಿದು ವಾರಕ್ಕೊಂದು ಕಂತು ಎಂಬ ಪದ್ಧತಿಯವರೆಗೆ ಅವರ ಗುರುತು ಇದೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಸಂಗತಿ. ನನಗೆ ಸಿಕ್ಕ ಬೈಗುಳವನ್ನು ಅವರು ಕಂಪ್ಯೂಟರೇ ಇಲ್ಲದ 1963ರಲ್ಲಿ ಕೇಳಿಸಿಕೊಂಡಿದ್ದರು.

ತೆಜುಕ ಹುಟ್ಟಿದ್ದು 1928ರ ನವೆಂಬರ್ 3ರಂದು, ಒಸಾಕಾ ಪ್ರಾಂತ್ಯದ ತೊಯೊನಾಕಾದಲ್ಲಿ. ಬೆಳೆದದ್ದು ತಕರಾಜುಕಾ ಎಂಬ ಊರಿನಲ್ಲಿ. ಕನ್ನಡಕದ, ಬಡಕಲು ಹುಡುಗ. ಹುಳುಗಳೆಂದರೆ ಪ್ರಾಣ. ಎಷ್ಟೆಂದರೆ ತನ್ನ ಹೆಸರಿನ ಕೊನೆಗೆ ಹುಳು ಎಂಬ ಅರ್ಥದ ಒಂದು ಅಕ್ಷರವನ್ನೇ ಸೇರಿಸಿಕೊಂಡ. ಒಸಾಮುಷಿ ಎಂಬ ಜೀರುಂಡೆ ಜಾತಿಯ ಹುಳುವಿನ ಹೆಸರು ಅವನ ಹೆಸರಿಗೆ ಹತ್ತಿರವಾಗಿತ್ತು. ಮನೆಯಲ್ಲಿ ಅಪ್ಪ ತಂದ ಪಾಥೆ ಬೇಬಿ ಎಂಬ ಪುಟ್ಟ ಪ್ರೊಜೆಕ್ಟರ್ ಇತ್ತು. ಗೋಡೆಯ ಮೇಲೆ ಕುಣಿಯುವ ವ್ಯಂಗ್ಯಚಿತ್ರಗಳನ್ನು ನೋಡುತ್ತ ಬೆಳೆದ.

ಯುದ್ಧ ಬಂತು. ಶಾಲೆಯ ಹುಡುಗರನ್ನು ಕಾರ್ಖಾನೆಗೆ ದುಡಿಯಲು ಕಳಿಸಿದರು. 1945ರ ಏಪ್ರಿಲ್‌ನಲ್ಲಿ, ಬಾಂಬ್ ಬಿದ್ದು ಸುಟ್ಟಿದ್ದ ಒಸಾಕಾದ ನಡುವೆ ಉಳಿದಿದ್ದ ಒಂದು ಚಿತ್ರಮಂದಿರದಲ್ಲಿ ಹದಿನಾರರ ತೆಜುಕ ಒಂದು ಅನಿಮೇಷನ್ ಸಿನಿಮಾ ನೋಡಿದರು. ಮಿತ್ಸುಯೊ ಸೆಯೊ ನಿರ್ದೇಶಿಸಿದ, ಮೊಮೊತಾರೊ ಎಂಬ ಜನಪದ ವೀರನ ಚಿತ್ರ ಅದು. ನೌಕಾಪಡೆ ಹಣ ಹಾಕಿ ಮಾಡಿಸಿದ ಯುದ್ಧಪ್ರಚಾರ. ಆದರೆ ಆ ಹುಡುಗನಿಗೆ ಕಂಡದ್ದು ಪ್ರಚಾರವಲ್ಲ, ಗಾಳಿಯಲ್ಲಿ ತೇಲುವ ಬೀಜಗಳೂ ಹಾಡುವ ಪ್ರಾಣಿಗಳೂ. ಕತ್ತಲಲ್ಲಿ ಕೂತು ಅತ್ತರಂತೆ. ಬದುಕಿ ಉಳಿದರೆ ಜೀವನದಲ್ಲಿ ಒಂದಾದರೂ ಇಂಥ ಚಿತ್ರ ಮಾಡಬೇಕು ಎಂದು ಅಲ್ಲೇ ನಿಶ್ಚಯಿಸಿದರು. ಎರಡು ತಿಂಗಳಿಗೆ ಒಸಾಕಾದ ಮೇಲೆ ಇನ್ನೊಂದು ವಾಯುದಾಳಿ. ಆ ದಿನ ಕಾರ್ಖಾನೆಯ ಕಾವಲು ಗೋಪುರದ ಮೇಲಿದ್ದ ಅವರು ಉಳಿದದ್ದೇ ಹೆಚ್ಚು.

ಓದಿದ್ದು ವೈದ್ಯಕೀಯ. ಇದನ್ನು ನಮ್ಮ ಕಡೆಯ ಅಪ್ಪ ಅಮ್ಮಂದಿರು ಕೇಳಿದರೆ ಸಂತೋಷಪಟ್ಟಾರು. 1951ರಲ್ಲಿ ಒಸಾಕಾ ವಿಶ್ವವಿದ್ಯಾಲಯದ ವೈದ್ಯಕೀಯ ಪದವಿ, ಮರುವರ್ಷ ವೈದ್ಯರ ಪರೀಕ್ಷೆಯೂ ಪಾಸು. ಅಷ್ಟು ಹೊತ್ತಿಗಾಗಲೇ ಅವರ ಮಾಂಗಾಗಳು, ಅಂದರೆ ಚಿತ್ರಕಥೆಯ ಪುಸ್ತಕಗಳು, ಲಕ್ಷಗಟ್ಟಲೆ ಜನರ ಕೈಯಲ್ಲಿದ್ದವು. ಯಾವುದನ್ನು ಆರಿಸಲಿ ಎಂದು ಒದ್ದಾಡುತ್ತಿದ್ದಾಗ, ಯಾವುದು ಹೆಚ್ಚು ಇಷ್ಟವೋ ಅದನ್ನು ಮಾಡು ಎಂದವರು ಅವರ ತಾಯಿ. ಇದನ್ನು ನಮ್ಮ ಕಡೆಯವರಿಗೆ ಹೇಳದಿರುವುದೇ ಲೇಸು.

1952ರಲ್ಲಿ ಆಟಮ್ ಹುಟ್ಟಿದ. ಹುಡುಗನ ರೂಪದ, ಕಾಲಿನಲ್ಲಿ ಜೆಟ್ ಇರುವ ಯಂತ್ರಮಾನವ. ಹೊರದೇಶಗಳಲ್ಲಿ ಆಸ್ಟ್ರೋ ಬಾಯ್. ತೆಜುಕ ಟೋಕಿಯೊಗೆ ಬಂದು ತೊಕಿವಾ-ಸೋ ಎಂಬ ಹಳೆಯ ಮರದ ವಠಾರದಲ್ಲಿ ಸ್ವಲ್ಪ ಕಾಲ ಇದ್ದರು. ಅವರು ಬಿಟ್ಟ ಕೋಣೆಗೆ ಬಾಡಿಗೆಗೆ ಬಂದವರು ಮುಂದೆ ಫುಜಿಕೊ ಫುಜಿಯೊ ಎಂಬ ಜೋಡಿ ಹೆಸರಿನಿಂದ ಪ್ರಸಿದ್ಧರಾದ ಇಬ್ಬರು ಹುಡುಗರು. ನಮ್ಮ ಮನೆ ಮಕ್ಕಳ ಡೋರೆಮಾನ್ ಅವರದು. ಇತ್ತ ತೆಜುಕ ಡಿಸ್ನಿಯ ಬ್ಯಾಂಬಿ ಚಿತ್ರವನ್ನು ಎಂಬತ್ತಕ್ಕೂ ಹೆಚ್ಚು ಸಲ ನೋಡಿದರು ಎನ್ನುತ್ತಾರೆ. ಬೆಳಗಿನ ಆಟಕ್ಕೆ ಹೋಗಿ ಕೊನೆಯ ಆಟ ಮುಗಿಸಿ ಬರುವುದು. ಜಿಂಕೆಮರಿ ಮಂಜುಗಡ್ಡೆಯ ಮೇಲೆ ಜಾರುವಾಗ ಕಾಲು ಹೇಗೆ ಮಡಚುತ್ತದೆ ಎಂಬಂಥದ್ದು ಅವರಿಗೆ ಬಾಯಿಪಾಠವೇ ಆಗಿದ್ದಿರಬೇಕು. ಈ ಮನುಷ್ಯನಿಗೆ ಚಲನೆ ಗೊತ್ತಿರಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ಮುಂದೆ ಅವರು ಮಾಡಿದ್ದನ್ನು ನೋಡುವಾಗ ಇದು ನೆನಪಿರಲಿ.

ಸೆಲ್ ಎಂದರೇನು ಎಂದು ನನಗೆ ಪುಸ್ತಕಕ್ಕಿಂತ ಚೆನ್ನಾಗಿ ಅರ್ಥ ಮಾಡಿಸಿದ್ದು ತಿಪಟೂರಿನ ನಮ್ಮ ದೊಡ್ಡಪ್ಪ. ಅವರು ಬೋರ್ಡ್ ಬರೆಯುವವರು, ಫ್ಲೆಕ್ಸ್ ಬರುವವರೆಗೆ. ಅಂಗಡಿಯ ಗಾಜಿನ ಮೇಲೆ ಹೆಸರು ಬರೆಯಬೇಕಾದರೆ ಒಳಗಿನಿಂದ, ತಿರುವುಮುರುವಾಗಿ ಬರೆಯುತ್ತಿದ್ದರು. ಮೊದಲು ಅಕ್ಷರದ ಅಂಚು, ಅದು ಒಣಗಿದ ಮೇಲೆ ಅದರ ಹಿಂದೆ ಬಣ್ಣ. ಹೊರಗಿನಿಂದ ನೋಡಿದರೆ ಬ್ರಷ್ಷಿನ ಗುರುತೇ ಕಾಣದ ನುಣುಪು. ಸೆಲ್ ಕೂಡ ಹೀಗೇ. ಕಾಗದದ ಮೇಲಿನ ಪೆನ್ಸಿಲ್ ಚಿತ್ರದ ಮೇಲೆ ಪಾರದರ್ಶಕ ಹಾಳೆ ಇಟ್ಟು ಮುಂಬದಿಗೆ ಗೆರೆ ಎಳೆಯುತ್ತಾರೆ, ಹಿಂಬದಿಗೆ ಬಣ್ಣ ತುಂಬುತ್ತಾರೆ. ಬೆವರಿನ ಗುರುತು ಬೀಳಬಾರದೆಂದು ಕೈಗೆ ಹತ್ತಿಯ ಕೈಗವಸು. ಒಣಗಿದ ಮೇಲೆ ಹಿನ್ನೆಲೆಯ ಚಿತ್ರದ ಮೇಲಿಟ್ಟು ಮೇಲಿನಿಂದ ಕ್ಯಾಮೆರಾದಲ್ಲಿ ಒಂದು ಫ್ರೇಮು ತೆಗೆಯುವುದು, ಸೆಲ್ ಬದಲಿಸುವುದು, ಮತ್ತೆ ಒಂದು ಫ್ರೇಮು. ಒಂದರ ಮೇಲೊಂದು ಸೆಲ್ ಹೇರಿದಷ್ಟೂ ಅಡಿಯ ಬಣ್ಣ ಮಂಕಾಗುತ್ತದೆ. ಹಾಗಾಗಿ ಅದೇ ಅಂಗಿಗೆ ಮೇಲಿದ್ದಾಗ ಒಂದು ಬಣ್ಣ, ಕೆಳಗಿದ್ದಾಗ ಅದಕ್ಕಿಂತ ತಿಳಿಯಾದ ಇನ್ನೊಂದು ಬಣ್ಣ ಕಲಸಬೇಕು. ನಾನು ಮೌಸ್ ಒತ್ತಿ ತುಂಬುವ ಬಣ್ಣಕ್ಕೆ ಈ ತಾಪತ್ರಯ ಇಲ್ಲ. ನನ್ನ ತಾಪತ್ರಯ ಒಂದೇ: ಗೆರೆಯಲ್ಲಿ ಸೂಜಿಮೊನೆಯಷ್ಟು ಸಂದು ಉಳಿದರೂ ಬಣ್ಣ ಇಡೀ ಪರದೆಗೆ ಚೆಲ್ಲುತ್ತದೆ.

ತೆಜುಕ 1961ರಲ್ಲಿ ಸ್ವಂತ ಸ್ಟುಡಿಯೊ ಕಟ್ಟಿದರು. ಅದೇ ಮುಷಿ ಪ್ರೊಡಕ್ಷನ್. ಮುಷಿ ಎಂದರೆ ಮತ್ತೆ ಹುಳು! ಮೊದಲ ಕೆಲಸ, 1962ರಲ್ಲಿ ತೆರೆಕಂಡ ಬೀದಿಮೂಲೆಯೊಂದರ ಕಥೆ, ದುಡ್ಡಿನ ಆಸೆ ಇಟ್ಟುಕೊಂಡು ಮಾಡಿದ್ದಲ್ಲ. ಆದರೆ ಸಂಬಳ ಕೊಡಬೇಕಲ್ಲ. ಟಿವಿಗೆ ಆಟಮ್ ಮಾಡುತ್ತೇನೆ, ವಾರಕ್ಕೊಂದು ಅರ್ಧ ಗಂಟೆ ಎಂದು ಹೊರಟರು. ಆಗಿನ ಜಪಾನಿನಲ್ಲಿ ತೋಯಿ ಸ್ಟುಡಿಯೊದವರು ಒಂದು ಸಿನಿಮಾಕ್ಕೆ ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತಿದ್ದರು. ವಾರಕ್ಕೊಂದು ಅಸಾಧ್ಯ ಎಂದು ಬಲ್ಲವರೆಲ್ಲ ಅಂದುಕೊಂಡರು.

ನಾನೇ ಲೆಕ್ಕ ಹಾಕಿ ನೋಡಿದೆ. ಸೆಕೆಂಡಿಗೆ 24 ಫ್ರೇಮು. ಜಾಹೀರಾತು ಕಳೆದು 25 ನಿಮಿಷ ಎಂದರೂ 36,000 ಫ್ರೇಮು. ಎರಡು ಫ್ರೇಮಿಗೊಂದು ಚಿತ್ರವೆಂದರೆ 18,000. ತೆಜುಕ ಮೂರು ಫ್ರೇಮಿಗೊಂದು ಚಿತ್ರ ಎಂದರು, 12,000ಕ್ಕೆ ಇಳಿಯಿತು. ವಾರದಲ್ಲಿ ಅಷ್ಟೂ ಆಗದು. ಹಾಗಾಗಿ ಮಾತನಾಡುವಾಗ ಮುಖ ನಿಲ್ಲಿಸಿ ಬಾಯಿ ಮಾತ್ರ ಬದಲಿಸಿದರು. ನಿಂತ ಚಿತ್ರದ ಮೇಲೆ ಕ್ಯಾಮೆರಾ ಸರಿಸಿದರು. ಓಟಕ್ಕೆ ಕೆಲವೇ ಚಿತ್ರ, ಅವನ್ನೇ ತಿರುಗಿಸಿ ತಿರುಗಿಸಿ, ಹಿನ್ನೆಲೆ ಜಾರಿಸಿ ಓಡಿಸಿದರು. ಇದನ್ನು ಓದುವಾಗ ನಾನು ಕುರ್ಚಿಯಿಂದ ಎದ್ದು ಕೂತೆ. ಆಟಮ್ ಹಾರುವ, ತಿರುಗುವ, ಹೊಡೆಯುವ ಸೆಲ್‌ಗಳನ್ನು ಎಸೆಯದೆ ಜೋಡಿಸಿಟ್ಟು ಬೇರೆ ಕಂತಿಗೆ ಬೇರೆ ಆಕಾಶದ ಮೇಲಿಟ್ಟು ಬಳಸಿದರು. ಈ ಭಂಡಾರಕ್ಕೆ ಅವರಿಟ್ಟ ಹೆಸರು ಬ್ಯಾಂಕ್. ಇಷ್ಟೆಲ್ಲ ಕತ್ತರಿಸಿ ಒಂದು ಕಂತನ್ನು ಎರಡು ಸಾವಿರದ ಆಸುಪಾಸಿನ ಚಿತ್ರಗಳಿಗೆ ತಂದರು. ಚಿತ್ರ ಉಳಿಸುವ ಇಂಥ ಉಪಾಯಗಳು ಅಮೆರಿಕದಲ್ಲಿ ಮೊದಲೇ ಇದ್ದವು. ಅವನ್ನು ಕಥೆಯ ವೇಗಕ್ಕೆ, ಕ್ಯಾಮೆರಾ ಕೋನಕ್ಕೆ ಒಗ್ಗಿಸಿದ್ದು ತೆಜುಕ.

1963ರ ಜನವರಿ 1, ಫುಜಿ ಟಿವಿ. ಆಟಮ್ ಹಾರಿದ. ವೀಕ್ಷಕರ ಪ್ರಮಾಣ ಒಂದು ಹಂತದಲ್ಲಿ ಶೇ 40 ದಾಟಿತು. ಪ್ರಾಯೋಜಕರಾದ ಮೆಯ್ಜಿ ಕಂಪನಿ ಚಾಕೊಲೇಟ್ ಜೊತೆಗೆ ಆಟಮ್ ಸ್ಟಿಕ್ಕರ್ ಕೊಟ್ಟಿತು, ಮಕ್ಕಳು ಮುಗಿಬಿದ್ದರು. ಅದೇ ವರ್ಷ ಅಮೆರಿಕದ ಟಿವಿಗೂ ಹೋಯಿತು. 1966ರ ಕೊನೆಯ ದಿನದವರೆಗೆ 193 ಕಂತು.

ಬೆಲೆಯದ್ದೇ ತಕರಾರು. ಬೇರೆ ಯಾರೂ ಪೈಪೋಟಿಗೆ ಬರದಿರಲೆಂದು ತೆಜುಕ ಖರ್ಚಿಗಿಂತ ಕಡಿಮೆಗೆ ಕಂತು ಮಾರಿದರು. ಒಂದಕ್ಕೆ 5.5 ಲಕ್ಷ ಯೆನ್ ಎನ್ನುವುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಕೊರತೆಯನ್ನು ಮಾಂಗಾದ ದುಡಿಮೆಯಿಂದ ತುಂಬಿದರು. ಅವರಿಗೆ ಮಾಂಗಾ ಇತ್ತು. ಬಣ್ಣ ಹಚ್ಚುವ ಹುಡುಗಿಯರಿಗೆ, ರಾತ್ರಿಯೆಲ್ಲ ಕೂತು ನಡುವಿನ ಚಿತ್ರ ತುಂಬುವ ಹುಡುಗರಿಗೆ ಬೇರೆ ಆದಾಯ ಇರಲಿಲ್ಲ. ಅಂದಿನ ಅಗ್ಗದ ದರವೇ ಮುಂದೆ ಉದ್ಯಮದ ದರವಾಯಿತು ಎಂಬ ಆರೋಪ ಇವತ್ತಿಗೂ ಇದೆ. ಹಯಾವೊ ಮಿಯಾಜಾಕಿ ತೆಜುಕ ತೀರಿಕೊಂಡ ವರ್ಷವೇ ಇದನ್ನು ಮುಲಾಜಿಲ್ಲದೆ ಬರೆದರು. ಎಲ್ಲ ತಪ್ಪನ್ನೂ ಒಬ್ಬರ ತಲೆಗೆ ಕಟ್ಟುವುದು ನನಗೆ ಸರಿ ಕಾಣುವುದಿಲ್ಲ. ಆ ದರಕ್ಕೆ ಕೊಂಡವರೂ ಇದ್ದರಲ್ಲ. ಆದರೆ ಒಂದು ಚಿತ್ರಕ್ಕೆ ಇಷ್ಟು ಎಂದು ಕೂಲಿ ಸಿಗುವ ಕೆಲಸಗಳನ್ನೇ ಹುಡುಕುತ್ತಿರುವ ನನಗೆ ಆ ಸಿಟ್ಟು ಅರ್ಥವಾಗುತ್ತದೆ.

ಬಣ್ಣದ ಸಿಂಹದಮರಿ ಲಿಯೊ 1965ರಲ್ಲಿ ಬಂದ. ದೊಡ್ಡವರಿಗಾಗಿ ಮಾಡಿದ ಸಿನಿಮಾಗಳೂ ಬಂದವು. ಸಾಲ ಬೆಳೆಯಿತು. 1971ರಲ್ಲಿ ತೆಜುಕ ಮುಷಿಯ ಅಧ್ಯಕ್ಷ ಸ್ಥಾನ ಬಿಟ್ಟರು, 1973ರಲ್ಲಿ ಕಂಪನಿ ದಿವಾಳಿಯಾಯಿತು. ಅಲ್ಲಿಂದ ಹೊರಬಂದವರು ಮ್ಯಾಡ್‌ಹೌಸ್, ಸನ್‌ರೈಸ್ ಎಂಬ ಸ್ಟುಡಿಯೊಗಳನ್ನು ಕಟ್ಟಿದರು. ಅನಿಮೆ ನೋಡುವವರಿಗೆ ಈ ಹೆಸರುಗಳ ಪರಿಚಯ ಬೇಡ. ತೆಜುಕ ಮುಗಿದರು ಎಂದುಕೊಂಡ ಹೊತ್ತಿಗೆ ಅವರು ಪರವಾನಗಿ ಇಲ್ಲದ ಶಸ್ತ್ರವೈದ್ಯನ ಕಥೆ ಬ್ಲ್ಯಾಕ್ ಜ್ಯಾಕ್ ಬರೆದು ಎದ್ದು ಬಂದರು. ಓದಿದ ವೈದ್ಯಕೀಯ ದಂಡವಾಗಲಿಲ್ಲ. ನಮ್ಮ ಬುದ್ಧನ ಬದುಕನ್ನು ಹತ್ತು ವರ್ಷಕ್ಕೂ ಮಿಕ್ಕಿ ಚಿತ್ರಿಸಿದ್ದೂ ಇದೇ ಕಾಲದಲ್ಲಿ.

ನನಗೆ ಅತಿ ಇಷ್ಟವಾದ ತೆಜುಕ ಇದರ ನಂತರದವರು. ವಯಸ್ಸು ಐವತ್ತು ದಾಟಿತ್ತು. ಟಿವಿ ಚಿತ್ರಗಳು ನಡೆದೇ ಇದ್ದವು. ಅದರ ಬದಿಯಲ್ಲಿ, ಲಾಭದ ಲೆಕ್ಕವಿಲ್ಲದೆ, ಸಣ್ಣ ಸಣ್ಣ ಚಿತ್ರ ಮಾಡತೊಡಗಿದರು. 1984ರ ಜಂಪಿಂಗ್ ಸುಮಾರು ಆರು ನಿಮಿಷದ್ದು. ಯಾರೋ ಒಬ್ಬರು ರಸ್ತೆಯಲ್ಲಿ ಕುಪ್ಪಳಿಸುತ್ತ ಹೋಗುತ್ತಾರೆ. ನಾವು ಅವರನ್ನು ನೋಡುವುದಿಲ್ಲ, ಅವರ ಕಣ್ಣಿನಿಂದ ನೋಡುತ್ತೇವೆ. ಕುಪ್ಪಳಿಕೆ ದೊಡ್ಡದಾಗುತ್ತ ಮನೆ, ಊರು, ಕಾಡು, ಸಮುದ್ರ ದಾಟುತ್ತದೆ. ಕಟ್ ಇಲ್ಲ, ಇಡೀ ಚಿತ್ರ ಒಂದೇ ಓಟ. ನೋಟವೇ ಏರಿ ಇಳಿಯುವುದರಿಂದ ಹಿನ್ನೆಲೆ ಜಾರಿಸಿ ತಪ್ಪಿಸಿಕೊಳ್ಳುವಂತಿಲ್ಲ. ಮನೆ, ಮರ, ರಸ್ತೆ ಎಲ್ಲವನ್ನೂ ಪ್ರತಿ ಸಲ ಹೊಸದಾಗಿ ಬರೆಯಬೇಕು. ಬ್ಯಾಂಕಿನಿಂದ ಒಂದು ಸೆಲ್ಲೂ ತೆಗೆಯಲಾಗದ ಚಿತ್ರ! ಬ್ಯಾಂಕ್ ಕಟ್ಟಿದವರೇ ಅದನ್ನು ಮಾಡಿದರು. ಜಾಗ್ರೆಬ್ ಉತ್ಸವದಲ್ಲಿ ಅದಕ್ಕೆ ಗ್ರ್ಯಾಂಡ್ ಪ್ರಿ ಬಂತು.

1987ರ ಕಾಡಿನ ದಂತಕಥೆ ಇನ್ನೂ ನೇರ. ಚೈಕೋವ್‌ಸ್ಕಿಯ ನಾಲ್ಕನೆಯ ಸಿಂಫನಿಗೆ ಹೊಂದಿಸಿದ, ಮಾತಿಲ್ಲದ ಚಿತ್ರ. ಕಾಡು ಕಡಿಯಲು ಬಂದವರಿಗೂ ಕಾಡಿನ ಜೀವಿಗಳಿಗೂ ಜಗಳ. ಕೊನೆಯ ಭಾಗದಲ್ಲಿ ಕಾಡಿನ ಪ್ರಾಣಿಗಳೂ ಯಕ್ಷಿಯರೂ ಡಿಸ್ನಿಯಂತೆ ಮೈತುಂಬ ಚಲಿಸುತ್ತವೆ. ಕಡಿಯಲು ಬಂದವರು ಟಿವಿ ಅನಿಮೇಷನ್‌ನಂತೆ ಬಿಗಿಯಾಗಿ, ತುಂಡು ತುಂಡಾಗಿ ಆಡುತ್ತಾರೆ. ಅಂದರೆ ತಾನೇ ಜಪಾನಿಗೆ ಕಲಿಸಿದ ಶೈಲಿಯನ್ನು ತೆಜುಕ ಕೊಡಲಿ ಹಿಡಿದವರಿಗೆ ಕೊಟ್ಟರು. ಇದನ್ನು ತಪ್ಪೊಪ್ಪಿಗೆ ಎನ್ನಲೋ, ತನ್ನನ್ನೇ ಗೇಲಿ ಮಾಡಿಕೊಂಡದ್ದು ಎನ್ನಲೋ ತಿಳಿಯದೆ ಮೂರು ಸಲ ನೋಡಿದೆ.

ನಾಲ್ಕು ಭಾಗಗಳಲ್ಲಿ ಮೊದಲನೆಯದೂ ಕೊನೆಯದೂ ಮಾತ್ರ ಮುಗಿದವು. 1989ರ ಫೆಬ್ರವರಿ 9ರಂದು ಹೊಟ್ಟೆಯ ಕ್ಯಾನ್ಸರ್‌ನಿಂದ ತೆಜುಕ ತೀರಿಕೊಂಡರು. ವಯಸ್ಸು 60. ಆಸ್ಪತ್ರೆಯ ಹಾಸಿಗೆಯಲ್ಲೂ ಪೆನ್ಸಿಲ್ ಬಿಟ್ಟಿರಲಿಲ್ಲ. ಮೂರು ಮಾಂಗಾಗಳು ಅರ್ಧಕ್ಕೆ ನಿಂತವು. ಬದುಕಿನಲ್ಲಿ ಬರೆದ ಮಾಂಗಾ ಪುಟಗಳು ಒಂದೂವರೆ ಲಕ್ಷದಷ್ಟು.

ಡಿಜಿಟಲ್ ಬಂದದ್ದು ಅವರು ಹೋದ ಮೇಲೆ. 1997ರ ಸುಮಾರಿಗೆ ತೋಯಿ ಸ್ಟುಡಿಯೊ ಟಿವಿ ಸರಣಿಗಳ ಬಣ್ಣವನ್ನು ಕಂಪ್ಯೂಟರಿಗೆ ದಾಟಿಸತೊಡಗಿತು. ಮಿಯಾಜಾಕಿಯವರ ಘಿಬ್ಲಿ 1999ರಲ್ಲಿ ಸೆಲ್ಲೇ ಇಲ್ಲದ ಮೊದಲ ಚಿತ್ರ ಮಾಡಿತು. ಕಥೆಯಲ್ಲಿ ಆಟಮ್ ಹುಟ್ಟಿದ ದಿನ 2003ರ ಏಪ್ರಿಲ್ 7. ಆ ದಿನ ನಿಜವಾಗಿ ಬಂದಾಗ ಹೊಸ ಆಟಮ್ ಸರಣಿ ಟಿವಿಯಲ್ಲಿತ್ತು, ಬಣ್ಣ ಕಂಪ್ಯೂಟರಿನದು. ಸಜಾಯೆ-ಸಾನ್ ಎಂಬ ಮನೆಮಂದಿಯ ಧಾರಾವಾಹಿಯೊಂದು ಸೆಲ್ ಹಿಡಿದುಕೊಂಡು ಕೂತಿತ್ತು. 2013ರಲ್ಲಿ ಅದೂ ಬಿಟ್ಟಿತು. ಸೆಲ್ಲಿನ ಆ ತೆಳು ನೆರಳು, ಬಣ್ಣದ ದಪ್ಪ, ಎಲ್ಲೋ ಕೂತ ಒಂದು ಧೂಳಿನ ಕಣ ಹೋಯಿತು ಎಂದು ಕೊರಗುವವರಿದ್ದಾರೆ. ನನಗೂ ಅದು ಇಷ್ಟ. ಆದರೆ ಘಿಬ್ಲಿಯವರು ಬಳಸಿದ ತಂತ್ರಾಂಶದ ಒಂದು ರೂಪ 2016ರಿಂದ ಓಪನ್‌ಟೂನ್ಸ್ ಎಂಬ ಹೆಸರಲ್ಲಿ ಉಚಿತವಾಗಿ ಸಿಗುತ್ತಿದೆ. ಅದಿಲ್ಲದಿದ್ದರೆ ಹಳೆಯ ಲ್ಯಾಪ್‌ಟಾಪಿನ ನಾನು ಈ ಮಾತಿಗೇ ಬರುತ್ತಿರಲಿಲ್ಲ.

ಪರೀಕ್ಷೆಯಲ್ಲಿ ನನ್ನನ್ನು ಬೈದವರು ಕಂಪ್ಯೂಟರನ್ನು ದೂರಿದ್ದು ತಪ್ಪು; ಕಾಪಿ ಪೇಸ್ಟ್ ಸೆಲ್ಲಿನ ಕಾಲದ್ದೇ. ನನ್ನ ಹುಡುಗನ ಓಟವನ್ನು ಒಪ್ಪದಿದ್ದದ್ದು ತಪ್ಪಲ್ಲ. ತೆಜುಕ ಎಲ್ಲಿ ಚಿತ್ರ ಉಳಿಸಿದರು, ಏಕೆ ಉಳಿಸಿದರು ಎಂದು ಅವರಿಗೆ ಗೊತ್ತಿತ್ತು. ನಾನು ಉಳಿಸಿದ್ದು ಬರೆಯಲು ಬಾರದ್ದನ್ನು: ತಿರುವಿನಲ್ಲಿ ಭಾರ ಎಡಗಾಲಿಗೆ ಬೀಳುವುದು, ನಿಲ್ಲುವ ಮುಂಚೆ ಮೈ ಹಿಂದಕ್ಕೆ ವಾಲುವುದು.

ಹಬ್ಬಕ್ಕೆ ಊರಿಗೆ ಹೋದಾಗ ದೊಡ್ಡಪ್ಪನಿಗೆ ಮೊಬೈಲಿನಲ್ಲಿ ಜಂಪಿಂಗ್ ತೋರಿಸಿದೆ. ಕನ್ನಡಕ ಏರಿಸಿಕೊಂಡು ಪೂರ್ತಿ ನೋಡಿದರು. ಮುಗಿದ ಮೇಲೆ ಕೇಳಿದ್ದು ಒಂದೇ, ಇಷ್ಟಕ್ಕೂ ಬಣ್ಣ ಹಚ್ಚಿದವರು ಎಷ್ಟು ಜನ ಎಂದು. ನನಗೆ ಉತ್ತರ ತಿಳಿದಿರಲಿಲ್ಲ.

ಅದೇ ಐದು ಸೆಕೆಂಡನ್ನು ಈಗ ಮತ್ತೆ ಬರೆಯುತ್ತಿದ್ದೇನೆ, ಯಾರೂ ಕೇಳದಿದ್ದರೂ. ಎರಡು ಫ್ರೇಮಿಗೊಂದು, ಒಟ್ಟು 60 ಚಿತ್ರ. ಒಂದನ್ನೂ ಎರಡನೆಯ ಸಲ ಬಳಸಿಲ್ಲ. ನಿನ್ನೆ ರಾತ್ರಿಗೆ ಇಪ್ಪತ್ತಮೂರು ಮುಗಿದಿವೆ. ಹುಡುಗ ಬೀದಿಯ ತಿರುವಿಗೆ ಬಂದಿದ್ದಾನೆ, ಎಡಗಾಲು ಇನ್ನೂ ಕೂಡುತ್ತಿಲ್ಲ.